ರಜೆ ಮುಗಿದರೂ ಆರ್ಡರ್ ಫಾರ್ಮ್ ಬರ್ತಾ ಇಲ್ಲ, ಯಾರಾದರೂ ನೋಡಿ

ಮಲ್ಪೆ_ಬಂಗುಡೆ:
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ ಮಾರಾಯ್ರೆ. ಮಾವನ ಮೀನಿನ ವ್ಯಾಪಾರಕ್ಕೆ ಸೈಟ್ ಮಾಡಿಕೊಟ್ಟಿದ್ದೆ. ಬೋಟಿಗೆ ರಜೆ ಇರುವಾಗ, ಜೂನ್ 1ರಿಂದ ಜುಲೈ 31ರ ತನಕ, ಆರ್ಡರ್ ಫಾರ್ಮ್ ಕಾಣಬಾರದು ಅಂತ ಪಿಎಚ್‌ಪಿಯಲ್ಲಿ (ಸರ್ವರಿನಲ್ಲಿ ಓಡುವ ಭಾಷೆ) ಒಂದು ಇಫ್, ಅಂದರೆ ಷರತ್ತು, ಹಾಕಿದೆ. ಜೂನ್ 2ಕ್ಕೆ ಹಾಕಿದ್ದು, ಆಗಲೇ ಅಡಗಿತು. ಇವತ್ತು ಆಗಸ್ಟ್ 4. ಬೋಟೆಲ್ಲ ಕಡಲಿಗೆ ಇಳಿದಾಯ್ತು, ಸೈಟಿನಲ್ಲಿ ಇನ್ನೂ ರಜೆ! ಕೋಡ್ ಸರಿ ಉಂಟು, ಹತ್ತು ಸಲ ನೋಡಿದ್ದೇನೆ.

ಕುಡ್ಲ_ಕೋಡರ್:
ಕ್ಯಾಶೆ, ಬ್ರೌಸರ್ ಹಿಡಿದಿಟ್ಟ ಹಳೇ ಪೇಜ್. ನೂರಕ್ಕೆ ನೂರು. ಕಂಟ್ರೋಲ್ ಎಫ್5 ಒತ್ತಿ.

ಮಲ್ಪೆ_ಬಂಗುಡೆ:
ಒತ್ತಿದೆ. ಇಲ್ಲ.

ಕುಡ್ಲ_ಕೋಡರ್:
ಹೋಸ್ಟಿಂಗಿನವರ ಕ್ಯಾಶೆ ಬೇರೆ ಇರ್ತದೆ. ಅದನ್ನೂ ಖಾಲಿ ಮಾಡಿ.

ಸುರತ್ಕಲ್_ಪೈ:
ಟೈಮ್‌ಝೋನ್ ನೋಡಿ, ಸರ್ವರ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರಬಹುದು. ನನ್ನ ಸರ್ವರ್ ಮನೆಯಲ್ಲೇ, ರಾಸ್ಪ್‌ಬೆರಿ ಪೈ ಅಂತ ಪುಟ್ಟ ಕಂಪ್ಯೂಟರ್, ಇನ್ವರ್ಟರಿಗೆ ಕಟ್ಟಿದ್ದೇನೆ. ಮೊನ್ನೆಯ ಗಾಳಿಮಳೆಗೆ ಮೂರು ಗಂಟೆ ಕರೆಂಟ್ ಇಲ್ಲ, ಸೈಟ್ ಅಲ್ಲಾಡಲಿಲ್ಲ.

ಕಾಪು_ದೀಪ:
ಯುಟಿಸಿ ಆದರೆ ಐದೂವರೆ ಗಂಟೆ ಹಿಂದೆ, ಆಗಸ್ಟ್ 1ರ ಬೆಳಗ್ಗೆ ಐದೂವರೆಗೆ ಸರಿಯಾಗಬೇಕಿತ್ತು. ಇದು ನಾಲ್ಕನೇ ದಿನ. ಆ ಇಫ್ ಸಾಲು ಇಲ್ಲಿ ಹಾಕಿ ಮೊದಲು.

ಕುಡ್ಲ_ಕೋಡರ್:
ಇಷ್ಟಕ್ಕೆಲ್ಲ ಪಿಎಚ್‌ಪಿ ಎಂತಕ್ಕೆ? ಪೇಜಿನ ನೋಟ ಹೇಳುವ ಸಿಎಸ್‌ಎಸ್‌ನಲ್ಲಿ "ಡಿಸ್‌ಪ್ಲೇ ನನ್" (ತೋರಿಸಬೇಡ) ಕೊಟ್ಟರೆ ಮುಗೀತು.

ಕಾಪು_ದೀಪ:
ಅದು ಕಣ್ಣಿಗೆ ಮಾತ್ರ ಮರೆ. ಪೇಜ್ ಸೋರ್ಸ್ (ಪೇಜಿನ ಹಿಂದಿನ ಕೋಡ್) ತೆರೆದರೆ ಫಾರ್ಮ್ ಅಲ್ಲೇ ಕೂತಿರ್ತದೆ. ಪಿಎಚ್‌ಪಿ ಇಫ್ ಆದರೆ ಬ್ರೌಸರಿಗೆ ಕಳಿಸುವುದೇ ಇಲ್ಲ. (ಆರ್ಡರ್ ತಗೊಳ್ಳುವ ಫೈಲಿನಲ್ಲೂ ತಿಂಗಳು ನೋಡಬೇಕು, ಅದು ಬೇರೆ ಕತೆ.)

ಮಲ್ಪೆ_ಬಂಗುಡೆ:
ಇಕೊಳ್ಳಿ:
ಇಫ್ ($ತಿಂಗಳು == 6 || 7)

ಸುರತ್ಕಲ್_ಪೈ:
ಕನ್ನಡದಲ್ಲಿ ವೇರಿಯೇಬಲ್ಲಾ! ಅಲ್ಲೇ ಎಡವಟ್ಟು.

ಕಾಪು_ದೀಪ:
ಅಲ್ಲ, ಪಿಎಚ್‌ಪಿಯಲ್ಲಿ ಕನ್ನಡ ಹೆಸರು ನಡೀತದೆ. ಎಡವಟ್ಟು ಇರುವುದು ಆ ಒಂಟಿ 7ರಲ್ಲಿ. || ಅಂದರೆ "ಅಥವಾ". ನಾವು "ತಿಂಗಳು ಆರೋ ಏಳೋ" ಅಂತ ಓದ್ತೇವೆ. ಪಿಎಚ್‌ಪಿ ಕೇಳುವುದು "ತಿಂಗಳು 6 ಹೌದಾ? ಅಲ್ಲದಿದ್ದರೆ, 7 ನಿಜವಾ?" ಅಂತ. ಸೊನ್ನೆ ಅಲ್ಲದ ಅಂಕೆ ಎಲ್ಲ ಅದಕ್ಕೆ ನಿಜವೇ. ಹಾಗಾಗಿ ಡಿಸೆಂಬರಿನಲ್ಲೂ ನಿಮ್ಮ ಬೋಟಿಗೆ ರಜೆ. ಹೀಗೆ ಬರೆಯಿರಿ:
ಇಫ್ ($ತಿಂಗಳು == 6 || $ತಿಂಗಳು == 7)

ಮಲ್ಪೆ_ಬಂಗುಡೆ:
ಬಂತು!! ಮಾವನ ಹತ್ರ ಸರ್ವರ್ ತೊಂದರೆ ಅಂತ ಹೇಳಿದ್ದೇನೆ, ಹಾಗೇ ಇರಲಿ.

ಕುಡ್ಲ_ಕೋಡರ್:
ಆದರೂ ಕ್ಯಾಶೆ ಒಮ್ಮೆ ಖಾಲಿ ಮಾಡಿಬಿಡಿ.

ಸುರತ್ಕಲ್_ಪೈ:
ಅಂಜಲ್ ಮೀನು ಕಿಲೋಗೆ ಎಷ್ಟು ಈಗ? ಸುರತ್ಕಲ್ ತನಕ ತಂದು ಕೊಡ್ತಾರಾ?