ಅದೇ ಬೋರ್ಡ್, ಅದೇ ವೈರಿಂಗ್, ಹೊಸ ಓಎಸ್‌ನಲ್ಲಿ ‘ಜಿಪಿಐಒ ಬ್ಯುಸಿ’

ಶಿರಸಿ_ತೋಟ:
ಅಡಿಕೆ ತೋಟದ ಸ್ಪ್ರಿಂಕ್ಲರ್ ಪಂಪಿಗೆ ರಾಸ್ಪ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟಿದ್ದೇನೆ. ಮಣ್ಣಿನ ತೇವ ಓದಲು ಎಂಸಿಪಿ3008 (ಸೆನ್ಸರಿನ ವೋಲ್ಟೇಜನ್ನು ಅಂಕಿ ಮಾಡುವ ಚಿಪ್), ಅದನ್ನು ಎಸ್‌ಪಿಐನ (ಚಿಪ್ಪುಗಳ ಜೊತೆ ಮಾತಾಡುವ ಸಂಪರ್ಕ) ಸಿಇ0ಗೆ, ಅಂದ್ರೆ ಚಿಪ್ ಆರಿಸುವ ಮೊದಲ ಪಿನ್ನಿಗೆ ಜೋಡಿಸಿದೆ. ರಿಲೇ ಜಿಪಿಐಒ (ಪ್ರೋಗ್ರಾಮಿನಿಂದ ಆನ್-ಆಫ್ ಮಾಡುವ ಪಿನ್) 7ರಲ್ಲಿ, ಅಂದ್ರೆ ಹೆಡರ್‌ನ 26ನೇ ಪಿನ್. ಅದು ಸ್ಟಾರ್ಟರ್ ಕಾಯಿಲ್ ಎಳೆಯುತ್ತದೆ. ಮಳೆಗಾಲದಲ್ಲಿ ಎಸ್‌ಡಿ ಕಾರ್ಡ್ ಹೋಯಿತು. ಹೊಸ ಕಾರ್ಡಿಗೆ ಬುಕ್‌ವರ್ಮ್ ಓಎಸ್ ಹಾಕಿ, ಸ್ಕ್ರಿಪ್ಟನ್ನು ಹಳೇ ಪೈಥಾನ್ ಲೈಬ್ರರಿ ಆರ್‌ಪಿಐ.ಜಿಪಿಐಒ ಬಿಟ್ಟು ಜಿಪಿಐಒಝೀರೋ ಎಂಬ ಇನ್ನೊಂದು ಲೈಬ್ರರಿಯಲ್ಲಿ ಬರೆದೆ. ಈಗ ರಿಲೇ ಸಾಲಿಗೆ ಬಂದ ಕೂಡಲೇ ‘ಜಿಪಿಐಒ ಬ್ಯುಸಿ’ ಎಂದು ನಿಲ್ಲುತ್ತದೆ. ಪಿನ್ ಸುಟ್ಟಿರಬಹುದಾ?

ಕುಮಟಾ_ಕಡಲು:
ಸುಟ್ಟ ಪಿನ್ ಬ್ಯುಸಿ ಅನ್ನೋದಿಲ್ಲ ಮಾರಾಯ್ರೆ, ಸುಮ್ನೆ ಕೂತಿರುತ್ತದೆ. ಯಾವ ಪಿನ್ ಯಾರ ಕೈಯಲ್ಲಿದೆ ಎಂದು ತೋರಿಸುವ ಜಿಪಿಐಒಇನ್ಫೋ ಕಮಾಂಡ್ ಓಡಿಸಿ, 7ರ ಸಾಲು ಇಲ್ಲಿ ಹಾಕಿ. ಹಳೇ ಸ್ಕ್ರಿಪ್ಟಿನಲ್ಲಿ ‘ಸೆಟ್‌ವಾರ್ನಿಂಗ್ಸ್ ಫಾಲ್ಸ್’ ಇತ್ತಾ?

ಶಿರಸಿ_ತೋಟ:
7ರ ಎದುರು ‘ಎಸ್‌ಪಿಐ0 ಸಿಎಸ್1’, ಔಟ್‌ಪುಟ್, ಯೂಸ್ಡ್ ಅಂತ ಇದೆ. ವಾರ್ನಿಂಗ್ ಸಾಲೂ ಇತ್ತು. ನೆಟ್‌ನಲ್ಲಿ ಸಿಕ್ಕ ಕೋಡಿನ ಜೊತೆಗೇ ಬಂದದ್ದು.

ಕುಮಟಾ_ಕಡಲು:
ಹಾಗಾದ್ರೆ ಆ ಪಿನ್ ಯಾವತ್ತೂ ಖಾಲಿ ಇರಲೇ ಇಲ್ಲ. ಕಾನ್ಫಿಗ್ ಫೈಲಿನಲ್ಲಿ ‘ಡಿಟಿಪ್ಯಾರಮ್=ಎಸ್‌ಪಿಐ=ಆನ್’ ಅಂತಿದ್ದರೆ ಎಸ್‌ಪಿಐ ಡ್ರೈವರ್ ಸಿಇ0, ಸಿಇ1 (ಅದೇ ನಿಮ್ಮ 7) ಎರಡನ್ನೂ ಹಿಡಿದುಕೊಳ್ಳುತ್ತದೆ. ನಿಮ್ಮ ಚಿಪ್ ಒಂದೇ ಆದರೂ ಅಷ್ಟೇ. ಹಳೇ ಲೈಬ್ರರಿ ಕರ್ನೆಲ್‌ನ್ನು (ಓಎಸ್‌ನ ತಿರುಳು) ಕೇಳುತ್ತಲೇ ಇರಲಿಲ್ಲ, ನೇರ ಚಿಪ್ಪಿನ ರಿಜಿಸ್ಟರಿಗೆ ಬರೆಯುತ್ತಿತ್ತು. ಪಹಣಿಯಲ್ಲಿ ಇನ್ನೊಬ್ಬರ ಹೆಸರು, ಕೊನೆ ಕೊಯ್ದದ್ದು ನೀವು! ‘ಈ ಚಾನೆಲ್ ಬಳಕೆಯಲ್ಲಿದೆ’ ಎಂದು ಅದು ಹೇಳಿರುತ್ತದೆ, ಆದರೆ ವಾರ್ನಿಂಗ್ ಬಂದ್ ಮಾಡಿದ್ದರಿಂದ ಕಾಣಲಿಲ್ಲ. ಜಿಪಿಐಒಝೀರೋ ಈಗ ಎಲ್‌ಜಿಪಿಐಒ ಎಂಬ ಲೈಬ್ರರಿ ಮೂಲಕ ಕರ್ನೆಲ್‌ನ್ನೇ ಕೇಳುತ್ತದೆ. ಮಾಲೀಕ ಇದ್ದಾನೆ, ಕೊಡೋದಿಲ್ಲ ಅಂತ ಉತ್ತರ ಬರುತ್ತದೆ.

/ಬೂಟ್/ಫರ್ಮ್‌ವೇರ್ ಒಳಗಿನ ಕಾನ್ಫಿಗ್ ಫೈಲಿನಲ್ಲಿ ಆ ಎಸ್‌ಪಿಐ ಸಾಲಿನ ಬದಲು ‘ಡಿಟಿಓವರ್‌ಲೇ=ಎಸ್‌ಪಿಐ0-1ಸಿಎಸ್’ ಹಾಕಿ ರೀಬೂಟ್ ಮಾಡಿ. ಡ್ರೈವರ್ ಸಿಇ0 ಮಾತ್ರ ಇಟ್ಟುಕೊಂಡು 7ನ್ನು ಬಿಡುತ್ತದೆ.

ಕಾರವಾರ_ಸರ್ಕ್ಯೂಟ್:
ಇಷ್ಟೆಲ್ಲ ಯಾಕೆ? ವೈರ್ ತೆಗೆದು ಜಿಪಿಐಒ 17ಕ್ಕೆ ಹಾಕಿದ್ರೆ ಮುಗೀತಲ್ವಾ?

ಕುಮಟಾ_ಕಡಲು:
ಮುಗಿಯುತ್ತದೆ, ಆದರೆ ರಿಲೇ ಬೋರ್ಡ್ ಯಾವುದು ಅಂತ ಮೊದಲು ನೋಡಬೇಕು. ನಮ್ಮಲ್ಲಿ ಸಿಗುವ ನೀಲಿ ರಿಲೇ ಬೋರ್ಡುಗಳು ಜಾಸ್ತಿ ಆಕ್ಟಿವ್ ಲೋ, ಪಿನ್ ಕೆಳಗಿಳಿದರೆ ಆನ್. ಪೈ ಆನ್ ಆದಾಗ ಜಿಪಿಐಒ 0ರಿಂದ 8ರವರೆಗೆ ಪುಲ್‌ಅಪ್ (ಮೇಲಕ್ಕೆ ಎಳೆದಿರುತ್ತದೆ), 9ರಿಂದ 27 ಪುಲ್‌ಡೌನ್ (ಕೆಳಕ್ಕೆ). 17ಕ್ಕೆ ಹಾಕಿದರೆ ಕೆಲವು ಬೋರ್ಡುಗಳಲ್ಲಿ ಬೂಟ್ ಆಗುವಾಗ ರಿಲೇ ಟಿಕ್ ಅನ್ನಬಹುದು. ಕರೆಂಟ್ ಹೋಗಿ ಬಂದಾಗಲೆಲ್ಲ ಪಂಪ್ ಒಮ್ಮೆ ಗುಡುಗುವುದು ಬೇಡ. ಪಿನ್ ಬದಲಿಸಲೇಬೇಕಾದರೆ 5 ಅಥವಾ 6 ತಗೊಳ್ಳಿ.

ಶಿರಸಿ_ತೋಟ:
ಆಯ್ತು, ಓಡುತ್ತಿದೆ! ಸ್ಕ್ರಿಪ್ಟ್ ಶುರು ಮಾಡುವ ಮೊದಲು ನೋಡಿದಾಗ 7 ‘ಅನ್‌ಯೂಸ್ಡ್’ ಅಂತಿತ್ತು. ಇನ್ನೊಂದು ರಿಲೇ ಹಾಕಬೇಕು. 10, 11 ಕೂಡ ಅನ್‌ಯೂಸ್ಡ್ ಅಂತಲೇ ತೋರಿಸುತ್ತಿದೆ, ತಗೊಳ್ಳಲಾ?

ಕುಮಟಾ_ಕಡಲು:
ಬೇಡವೇ ಬೇಡ! 10, 11 ಎಸ್‌ಪಿಐನ ಡೇಟಾ ಮತ್ತು ಕ್ಲಾಕ್. ಕರ್ನೆಲ್‌ನಲ್ಲಿ ಪಿನ್ನಿಗೆ ಎರಡು ಬಗೆಯ ಮಾಲೀಕರು. ಜಿಪಿಐಒ ಎಂದು ಹಿಡಿದವರು ಒಬ್ಬರು, ಪಿನ್ನಿನ ಕೆಲಸವನ್ನೇ ಬದಲಿಸಿಕೊಂಡವರು, ಅಂದರೆ ಮಕ್ಸ್ ಮಾಲೀಕರು, ಇನ್ನೊಬ್ಬರು. ಜಿಪಿಐಒಇನ್ಫೋ ತೋರಿಸಿದ್ದು ಮೊದಲಿನವರನ್ನು. ಎರಡೂ ಒಟ್ಟಿಗೆ ಕೂಡದು ಎಂದು ತಡೆಯಲು ಪಿನ್‌ಗಳನ್ನು ನೋಡಿಕೊಳ್ಳುವ ಪಿನ್‌ಕಂಟ್ರೋಲ್ ಡ್ರೈವರಿನಲ್ಲಿ ‘ಸ್ಟ್ರಿಕ್ಟ್’ ಎಂಬ ಗುರುತು ಇರಬೇಕು. ಪೈ 3ರ ಡ್ರೈವರಿನಲ್ಲಿ ಅದಿಲ್ಲ. ಹಾಗಾಗಿ 10 ಕೇಳಿದರೆ ಎರರ್ ಇಲ್ಲದೆ ಕೊಟ್ಟುಬಿಡುತ್ತದೆ, ಅತ್ತ ಎಂಸಿಪಿ3008 ಸುಳ್ಳು ಓದು ಕೊಡಲು ಶುರು. ಬ್ಯುಸಿ ಎರರೇ ಎಷ್ಟೋ ವಾಸಿ.

ಹೊಸ ಪಿನ್ ಹಿಡಿಯುವ ಮೊದಲು ರೂಟ್ ಆಗಿ /ಸಿಸ್/ಕರ್ನೆಲ್/ಡಿಬಗ್/ಪಿನ್‌ಕಂಟ್ರೋಲ್ ಒಳಗಿನ ಪಿನ್‌ಮಕ್ಸ್-ಪಿನ್ಸ್ ಫೈಲ್ ತೆರೆದು ನೋಡಿ. ‘ಮಕ್ಸ್ ಅನ್‌ಕ್ಲೇಮ್ಡ್’, ‘ಜಿಪಿಐಒ ಅನ್‌ಕ್ಲೇಮ್ಡ್’ ಎರಡೂ ಇದ್ದರೆ ಮಾತ್ರ ಡ್ರೈವರ್‌ಗಳ ಕಡೆಯಿಂದ ಖಾಲಿ. ನಿಮಗೆ 5 ಸಾಕು, 29ನೇ ಪಿನ್. ರಿಲೇ ಬೋರ್ಡ್ ಆಕ್ಟಿವ್ ಲೋ ಆಗಿದ್ದರೆ ಸ್ಕ್ರಿಪ್ಟಿನಲ್ಲಿ ಆಕ್ಟಿವ್ ಹೈ ಫಾಲ್ಸ್ ಕೊಡೋದು ಮರೀಬೇಡಿ.