ಆಟಕ್ಕೂ ಒಟಿಟಿಗೂ ಮನೆಗೆ ಎಷ್ಟು ಎಂಬಿಪಿಎಸ್ ಬೇಕು? (ಪ್ರಶ್ನೋತ್ತರ)

ನಿರ್ವಾಹಕರು: ಮನೆಯ ಬ್ರಾಡ್‌ಬ್ಯಾಂಡ್ ಕುರಿತ ಪ್ರಶ್ನೆಗಳಿಗೆ ನಮ್ಮ ಗುಂಪಿನ ಸದಸ್ಯೆಯಾದ ನೆಟ್‌ವರ್ಕ್ ಎಂಜಿನಿಯರ್ ಒಬ್ಬರು ಈ ವಾರ ಬಿಡುವಾದಾಗಲೆಲ್ಲ ಉತ್ತರಿಸಲು ಒಪ್ಪಿದ್ದಾರೆ. ಕೇಳುವವರು ತಮ್ಮ ಊರು, ಈಗಿರುವ ಪ್ಲ್ಯಾನ್, ಆಡುವ ಸಾಧನ ವೈಫೈನಲ್ಲಿದೆಯೋ ಕೇಬಲ್‌ನಲ್ಲಿದೆಯೋ ಎಂಬುದನ್ನು ತಿಳಿಸಬೇಕು. ಕಂಪನಿಗಳ ಹೆಸರು ಬರೆಯಬೇಡಿ. ಕಳೆದ ಸಲದ ಜಗಳ ಎಲ್ಲರಿಗೂ ನೆನಪಿದೆ.

ಮೈಸೂರಿನ ಸದಸ್ಯರು: ಮೇಡಂ, ನಮ್ಮದು ನಾಲ್ವರ ಮನೆ. 4ಕೆ ಟಿವಿ ಒಂದು, ಮೊಬೈಲ್ ಮೂರು, ಲ್ಯಾಪ್‌ಟಾಪ್ ಒಂದು ಇವೆ. ಮಗ ಮೊಬೈಲಿನಲ್ಲಿ ಬಿಜಿಎಂಐ, ಲ್ಯಾಪ್‌ಟಾಪಿನಲ್ಲಿ ವ್ಯಾಲರಂಟ್ ಆಡುತ್ತಾನೆ. ಈಗಿರುವುದು 40 ಎಂಬಿಪಿಎಸ್ ಪ್ಲ್ಯಾನ್. ಆಟ ತಡವರಿಸುತ್ತದೆ ಎಂದು ಕಂಪನಿಗೆ ಕರೆ ಮಾಡಿದರೆ 300ಕ್ಕೆ ಏರಿಸಿಕೊಳ್ಳಿ ಎನ್ನುತ್ತಾರೆ. ಏರಿಸಬೇಕೇ?

ಎಂಜಿನಿಯರ್: ಆಟಕ್ಕಾಗಿ ಏರಿಸುವ ಅಗತ್ಯವಿಲ್ಲ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ನಿಮ್ಮ ಟಿವಿಯಲ್ಲಿ 4ಕೆ ಓಡುತ್ತಿದ್ದು, ಎರಡು ಮೊಬೈಲುಗಳಲ್ಲಿ ಬೇರೆ ಬೇರೆ ವಿಡಿಯೊ ನಡೆಯುತ್ತಿದ್ದರೂ 25 ಆಯಿತು. ಆಟಕ್ಕೆ ಬೇಕಾಗುವುದು ಸಾಮಾನ್ಯವಾಗಿ 1 ಎಂಬಿಪಿಎಸ್‌ಗಿಂತ ಕಡಿಮೆ, ಏಕೆಂದರೆ ಚಿತ್ರವನ್ನು ನಿಮ್ಮ ಮನೆಯ ಲ್ಯಾಪ್‌ಟಾಪೇ ಬಿಡಿಸಿಕೊಳ್ಳುತ್ತದೆ. ಸರ್ವರ್‌ನಿಂದ ಬಂದು ಹೋಗುವುದು ಯಾರು ಎಲ್ಲಿದ್ದಾರೆ, ಯಾರು ಗುಂಡು ಹಾರಿಸಿದರು ಎಂಬಷ್ಟು ಪುಟ್ಟ ಮಾಹಿತಿ ಮಾತ್ರ. ಆ ಮಾಹಿತಿ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು (ಇದನ್ನೇ ಪಿಂಗ್ ಎನ್ನುವುದು), ಪ್ರತಿ ಸಲವೂ ಅಷ್ಟೇ ಹಿಡಿಯಿತೇ, ದಾರಿಯಲ್ಲಿ ಏನಾದರೂ ಕಳೆದುಹೋಯಿತೇ ಎಂಬ ಮೂರರ ಮೇಲೆ ಆಟ ನಿಂತಿದೆ. ಈ ಮೂರನ್ನೂ ಪ್ಲ್ಯಾನಿನ ಜಾಹೀರಾತಿನಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

ಹೆಚ್ಚಿನ ವೇಗ ಕೆಲಸಕ್ಕೆ ಬರುವುದು ಆಟವನ್ನು ಇಳಿಸಿಕೊಳ್ಳುವಾಗ. 50 ಜಿಬಿಯ ಆಟ 40 ಎಂಬಿಪಿಎಸ್‌ನಲ್ಲಿ ಇಳಿಯಲು ಸುಮಾರು 2 ಗಂಟೆ 47 ನಿಮಿಷ, 100ರಲ್ಲಿ 1 ಗಂಟೆ 7 ನಿಮಿಷ, 300ರಲ್ಲಿ 22 ನಿಮಿಷ ಬೇಕು. ಅಷ್ಟು ಕಾಯಲಾಗದಿದ್ದರೆ 100ಕ್ಕೆ ಹೋಗಿ. ನಾಲ್ವರ ಮನೆಗೆ ಅದು ಧಾರಾಳವಾಯಿತು. ಅದಕ್ಕೂ ಮೊದಲು ಒಂದು ದಿನ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರಿಗೆ ಸಿಕ್ಕಿಸಿ ಆಡಿಸಿ ನೋಡಿ. ತಡವರಿಕೆ ನಿಂತರೆ ದೋಷ ನಿಮ್ಮ ವೈಫೈನದು, ಪ್ಲ್ಯಾನಿನದಲ್ಲ.

ದಾವಣಗೆರೆಯ ಸದಸ್ಯರು: ಮೂವರ ಮನೆಗೆ 100 ಎಂಬಿಪಿಎಸ್ ಸಾಕಾಗುತ್ತದೆಯೇ?

ಎಂಜಿನಿಯರ್: ಸಾಕು.

ಮಂಡ್ಯದ ಸದಸ್ಯರು: ಐವರ ಮನೆಗೆ 100 ಸಾಕೇ, 150 ಬೇಕೇ?

ಎಂಜಿನಿಯರ್: 100 ಸಾಕು. ಮೇಲಿನ ಲೆಕ್ಕವನ್ನು ದಯವಿಟ್ಟು ಓದಿಕೊಳ್ಳಿ.

ಹುಬ್ಬಳ್ಳಿಯ ಸದಸ್ಯರು: ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ: ಡಿಎನ್‌ಎಸ್ ಅನ್ನು 1.1.1.1 ಎಂದು ಬದಲಿಸಿದರೆ ಪಿಂಗ್ ಅರ್ಧಕ್ಕೆ ಇಳಿಯುತ್ತದೆ. ವಿಂಡೋಸ್ ಕದ್ದಿಟ್ಟುಕೊಂಡಿರುವ ಶೇ. 20 ಬ್ಯಾಂಡ್‌ವಿಡ್ತನ್ನು ಬಿಡಿಸಿಕೊಂಡರೆ ವೇಗ ಹೆಚ್ಚುತ್ತದೆ; ರೂಟರಿನ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಟ್ಟರೆ ಸಿಗ್ನಲ್ ಇಮ್ಮಡಿಯಾಗುತ್ತದೆ. ಎಲ್ಲರಿಗೂ ಹಂಚಿ.

ಎಂಜಿನಿಯರ್: ದಯವಿಟ್ಟು ಹಂಚಬೇಡಿ. ಡಿಎನ್‌ಎಸ್‌ನ ಕೆಲಸ ಹೆಸರನ್ನು ಕೊಟ್ಟರೆ ವಿಳಾಸವನ್ನು ತಿಳಿಸುವುದು. ಒಮ್ಮೆ ಸರ್ವರಿನ ವಿಳಾಸ ಸಿಕ್ಕಿ ಆಟ ಆರಂಭವಾದ ಮೇಲೆ ಅದರ ಪಾತ್ರವೇ ಇಲ್ಲ, ಆದ್ದರಿಂದ ಪಿಂಗ್ ಇಳಿಯುವ ಪ್ರಶ್ನೆಯೂ ಇಲ್ಲ. ವಿಂಡೋಸ್ ಕದಿಯುವ ಶೇ. 20ರ ಕಥೆ ವಿಂಡೋಸ್ ಎಕ್ಸ್‌ಪಿ ಕಾಲದ್ದು. ಆ ಮೀಸಲು, ಅದನ್ನು ಕೇಳಿಕೊಳ್ಳುವ ಪ್ರೋಗ್ರಾಂ ಓಡುತ್ತಿದ್ದಾಗ ಮಾತ್ರ ಬಳಕೆಯಾಗುತ್ತದೆ, ಉಳಿದ ಸಮಯದಲ್ಲಿ ಪೂರ್ತಿ ವೇಗ ನಿಮ್ಮದೇ. ಫಾಯಿಲ್ ಒಂದು ಕಡೆಗೆ ಹೋಗುವ ಸಿಗ್ನಲ್ ತಡೆದು ಇನ್ನೊಂದು ಕಡೆಗೆ ತಿರುಗಿಸಬಹುದು, ಜೊತೆಗೆ ಪಕ್ಕದ ಕೋಣೆಯ ವೈಫೈ ಕೆಡಿಸಬಹುದು. ಇನ್ನು ‘ಪಿಂಗ್ ಬೂಸ್ಟರ್’ ಹೆಸರಿನ ಉಚಿತ ಆ್ಯಪ್‌ಗಳನ್ನು ಹಾಕಿಕೊಳ್ಳಿ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ, ಅವುಗಳಲ್ಲಿ ಹಲವು ವಿಪಿಎನ್ ಅನುಮತಿ ಕೇಳುತ್ತವೆ. ಕೊಟ್ಟರೆ ನಿಮ್ಮ ಮೊಬೈಲಿನ ಅಷ್ಟೂ ಸಂಚಾರ ಗುರುತಿಲ್ಲದವರ ಸರ್ವರ್ ಮೂಲಕ ಹೋಗುತ್ತದೆ.

ಹುಬ್ಬಳ್ಳಿಯ ಸದಸ್ಯರು: ನನಗೆ ಉಪಯೋಗವಾಗಿದೆ ಮೇಡಂ. ಅನುಭವವನ್ನು ಅಲ್ಲಗಳೆಯಬೇಡಿ.

ಬೆಂಗಳೂರಿನ ವಿದ್ಯಾರ್ಥಿ: ಸಿಂಗಪುರದ ಸರ್ವರಿನಲ್ಲಿ ನನಗೆ 10 ಮಿಲಿಸೆಕೆಂಡ್ ಪಿಂಗ್ ಬೇಕು. ಯಾವ ಪ್ಲ್ಯಾನ್ ತೆಗೆದುಕೊಳ್ಳಲಿ?

ಎಂಜಿನಿಯರ್: ಯಾವ ಪ್ಲ್ಯಾನಿನಲ್ಲೂ ಸಿಗುವುದಿಲ್ಲ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಸಿಂಗಪುರ ನೇರ ಗೆರೆಯಲ್ಲೇ 3,000 ಕಿಲೋಮೀಟರ್ ಮೀರಿದ ದೂರದಲ್ಲಿದೆ. ಹೋಗಿ ಬರಲು 30 ಮಿಲಿಸೆಕೆಂಡ್ ಪ್ರಕೃತಿಗೇ ಬೇಕು. ಮುಂಬೈ ಸರ್ವರ್ ಆರಿಸಿಕೊಳ್ಳಿ.

ಶಿವಮೊಗ್ಗದ ಸದಸ್ಯರು: ನನ್ನದು ಬೇರೆಯೇ ಬಗೆಯ ತೊಂದರೆ. 200 ಎಂಬಿಪಿಎಸ್ ಪ್ಲ್ಯಾನ್, ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಇದೆ. ವ್ಯಾಲರಂಟ್‌ನ ಮುಂಬೈ ಸರ್ವರಿಗೆ ಹಗಲಿನಲ್ಲಿ ಪಿಂಗ್ 28 ಇರುತ್ತದೆ. ರಾತ್ರಿ ಎಂಟೂವರೆಯಿಂದ ಹನ್ನೊಂದರವರೆಗೆ 160 ದಾಟಿ ಕುಣಿಯುತ್ತದೆ. ಆದರೆ ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 200 ತೋರಿಸುತ್ತದೆ. ಕಂಪನಿಯವರು ಆ ಚಿತ್ರವನ್ನೇ ನೋಡಿ ‘ಎಲ್ಲವೂ ಸರಿಯಿದೆ, ನಿಮ್ಮ ಕಂಪ್ಯೂಟರ್ ಸರಿಮಾಡಿಸಿ’ ಎಂದು ದೂರನ್ನು ಮುಚ್ಚುತ್ತಾರೆ.

ಎಂಜಿನಿಯರ್: ಇದು ನೋಡಬೇಕಾದ ಪ್ರಕರಣ. ಇಂದು ರಾತ್ರಿ ಒಂಬತ್ತರ ಸುಮಾರಿಗೆ ಮೂರು ಕೆಲಸ ಮಾಡಿ. ಮೊದಲನೆಯದು, ಕಮಾಂಡ್ ಪ್ರಾಂಪ್ಟಿನಲ್ಲಿ ನಿಮ್ಮ ರೂಟರಿನ ವಿಳಾಸಕ್ಕೆ, ಬಹುಶಃ 192.168.1.1, ನಿರಂತರವಾಗಿ ಪಿಂಗ್ ಕಳಿಸಿ ನೋಡಿ. ಎರಡನೆಯದು, ವಿನ್‌ಎಂಟಿಆರ್ ಎಂಬ ಉಚಿತ ಉಪಕರಣದಲ್ಲಿ 1.1.1.1 ಎಂಬ ಹೊರಗಿನ ಡಿಎನ್‌ಎಸ್ ಸರ್ವರ್‌ವರೆಗಿನ ಪ್ರತಿ ಹಾಪ್‌ನ, ಅಂದರೆ ದಾರಿಯಲ್ಲಿ ಸಿಗುವ ಪ್ರತಿ ಯಂತ್ರದ, ಸಮಯವನ್ನು ಹತ್ತು ನಿಮಿಷ ದಾಖಲಿಸಿ. ಮೂರನೆಯದು, ಸ್ಪೀಡ್ ಟೆಸ್ಟ್‌ನಲ್ಲಿ ತಾನಾಗಿ ಬರುವ ಸರ್ವರ್ ಬಿಟ್ಟು, ಮುಂಬೈಯಲ್ಲಿರುವ ಬೇರೊಂದು ಕಂಪನಿಯ ಸರ್ವರನ್ನು ಕೈಯಾರೆ ಆರಿಸಿ ಅಳೆಯಿರಿ.

ಶಿವಮೊಗ್ಗದ ಸದಸ್ಯರು: ಮಾಡಿದೆ. ರೂಟರಿಗೆ 1 ಮಿಲಿಸೆಕೆಂಡ್, ಒಂದೂ ತಪ್ಪಿಲ್ಲ. ಎರಡನೇ ಹಾಪ್ 4ರಿಂದ 5. ನಾಲ್ಕನೇ ಹಾಪ್‌ನಿಂದ ಮುಂದಕ್ಕೆ ಎಲ್ಲವೂ 130ರ ಮೇಲೆ, ಕೊನೆಯವರೆಗೂ ಶೇ. 5ರಷ್ಟು ಪ್ಯಾಕೆಟ್ ಲಾಸ್ (ಕಳಿಸಿದ ಮಾಹಿತಿಯ ತುಣುಕುಗಳು ಕಳೆದುಹೋಗುವುದು). ಮುಂಬೈಯ ಬೇರೆ ಕಂಪನಿಯ ಸರ್ವರಿಗೆ ವೇಗ 11 ಎಂಬಿಪಿಎಸ್!

ಎಂಜಿನಿಯರ್: ಹಾಗಿದ್ದರೆ ವಿಷಯ ತೆರೆದುಕೊಂಡಿತು. ನಿಮ್ಮ ರೂಟರ್, ಕೇಬಲ್, ಕಂಬದಿಂದ ಮನೆಗೆ ಬಂದಿರುವ ಫೈಬರ್ ಯಾವುದರಲ್ಲೂ ದೋಷವಿಲ್ಲ. ತಾನಾಗಿ ಬರುವ ಸ್ಪೀಡ್ ಟೆಸ್ಟ್ ಸರ್ವರ್ ಬಹಳ ಸಲ ಕಂಪನಿಯ ಸ್ವಂತ ಜಾಲದೊಳಗೇ ಇರುತ್ತದೆ. ಆದ್ದರಿಂದ ಅದು ಅಳೆಯುವುದು ನಿಮ್ಮ ಮನೆಯಿಂದ ಕಂಪನಿಯ ಅಂಗಳದವರೆಗಿನ ದಾರಿಯನ್ನು ಮಾತ್ರ, ಆ ದಾರಿ ಚೆನ್ನಾಗಿಯೇ ಇದೆ. ಕಂಪನಿಯ ಜಾಲ ಹೊರಜಗತ್ತಿಗೆ ಕೂಡುವ ಲಿಂಕ್ ರಾತ್ರಿ ಭರ್ತಿಯಾಗುತ್ತಿದೆ. ಭರ್ತಿಯಾದ ಲಿಂಕಿನಲ್ಲಿ ಪ್ಯಾಕೆಟ್‌ಗಳು ಸರದಿಯಲ್ಲಿ ನಿಲ್ಲುತ್ತವೆ, ಸರದಿಯೂ ತುಂಬಿದಾಗ ಬಿದ್ದುಹೋಗುತ್ತವೆ. ನಿಮಗೆ ಕಾಣುತ್ತಿರುವ 130 ಮತ್ತು ಶೇ. 5 ಎರಡೂ ಅದರ ಗುರುತುಗಳು. ನೀವು 300 ಅಲ್ಲ, 1,000 ಎಂಬಿಪಿಎಸ್ ಪ್ಲ್ಯಾನ್ ತೆಗೆದುಕೊಂಡರೂ ಅದೇ ಲಿಂಕಿನಲ್ಲಿ ಅದೇ ಸರದಿ.

ಇತರರಿಗೂ ಒಂದು ಎಚ್ಚರಿಕೆ. ವಿನ್‌ಎಂಟಿಆರ್‌ನಲ್ಲಿ ನಡುವಿನ ಒಂದೇ ಹಾಪ್‌ನಲ್ಲಿ ಶೇ. 40 ಲಾಸ್ ಕಂಡು, ಅದರ ಮುಂದಿನವು ಶುದ್ಧವಾಗಿದ್ದರೆ ಗಾಬರಿಯಾಗಬೇಡಿ. ಆ ಯಂತ್ರ ಪಿಂಗ್‌ಗೆ ಉತ್ತರಿಸಲು ಆದ್ಯತೆ ಕೊಡುತ್ತಿಲ್ಲ ಎಂದಷ್ಟೇ ಅರ್ಥ. ಶಿವಮೊಗ್ಗದವರ ಪ್ರಕರಣದಲ್ಲಿ ಲಾಸ್ ಕೊನೆಯ ಹಾಪ್‌ವರೆಗೂ ಮುಂದುವರಿದಿರುವುದರಿಂದ ಅದು ನಿಜವಾದದ್ದು. ಹಗಲಿನ ಮತ್ತು ರಾತ್ರಿಯ ಎರಡು ದಾಖಲೆಗಳನ್ನು ಜೋಡಿಸಿ ದೂರು ಕೊಡಿ, ‘ನಿಮ್ಮ ಜಾಲದಾಚೆಗಿನ ಸರ್ವರಿಗೆ ಅಳೆದದ್ದು’ ಎಂದು ಸ್ಪಷ್ಟವಾಗಿ ಬರೆಯಿರಿ. ಒಟ್ಟಿಗೆ ವರ್ಷದ ಹಣ ಮಾತ್ರ ಕಟ್ಟಬೇಡಿ.

ದಾವಣಗೆರೆಯ ಸದಸ್ಯರು: ಟ್ರಾಯ್‌ಗೆ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಒಂದು ಇಮೇಲ್ ಹಾಕಿ, ಮರುದಿನವೇ ಓಡಿ ಬರುತ್ತಾರೆ.

ಬೆಳಗಾವಿಯ ಸದಸ್ಯರು: ಟ್ರಾಯ್ ಏನೂ ಮಾಡುವುದಿಲ್ಲ. ನಾನು ಬರೆದು ನೋಡಿದ್ದೇನೆ. ಈ ಊರ ಕೇಬಲ್‌ನವರೆಲ್ಲ ಒಂದೇ ಸಂಪರ್ಕವನ್ನು ಊರಿಗೆಲ್ಲ ಮಾರುವ ಕಳ್ಳರು.

ತುಮಕೂರಿನ ಕೇಬಲ್ ಆಪರೇಟರ್: ಮಾತು ಬಿಗಿಹಿಡಿದು ಆಡಿ. ಮಳೆಯಲ್ಲಿ ಕಂಬ ಹತ್ತಿ ಫೈಬರ್ ಜೋಡಿಸುವವರು ನಾವು. ತಿಂಗಳಿಗೆ ಐನೂರು ರೂಪಾಯಿ ಕೊಟ್ಟು 100 ಎಂಬಿಪಿಎಸ್ ಹಗಲಿರುಳೂ ತಮ್ಮೊಬ್ಬರಿಗೇ ಮೀಸಲಿರಬೇಕು ಎಂದು ಕೇಳುವುದು ಯಾವ ನ್ಯಾಯ? ಅಂಥ ಲೀಸ್ಡ್ ಲೈನಿನ ಬೆಲೆ ಎಷ್ಟೆಂದು ವಿಚಾರಿಸಿ ನೋಡಿ.

ಬೆಳಗಾವಿಯ ಸದಸ್ಯರು: ಜಾಹೀರಾತಿನಲ್ಲಿ ‘100’ ಎಂದು ದಪ್ಪಕ್ಷರ, ‘ವರೆಗೆ’ ಎಂದು ಇರುವೆಯಷ್ಟು ಅಕ್ಷರ. ಅದು ಯಾವ ನ್ಯಾಯ?

ತುಮಕೂರಿನ ಕೇಬಲ್ ಆಪರೇಟರ್: ಜಾಹೀರಾತು ಮಾಡುವವರು ಮೇಲಿನವರು. ಬೈಗುಳ ತಿನ್ನುವವರು ನಾವು.

ಎಂಜಿನಿಯರ್: ಇಬ್ಬರಿಗೂ ಒಂದೇ ಉತ್ತರ. ಹಂಚಿಕೊಳ್ಳುವುದು ಕಳ್ಳತನವಲ್ಲ, ಮನೆಗಳಿಗೆ ಫೈಬರ್ ತರುವ ಜಿಪಾನ್ ಎಂಬ ತಂತ್ರಜ್ಞಾನ ನಿಂತಿರುವುದೇ ಅದರ ಮೇಲೆ. ಒಂದು ಪೋರ್ಟಿನಿಂದ ಇಳಿಯುವ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಅನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ, ಎಲ್ಲರೂ ಒಂದೇ ಕ್ಷಣದಲ್ಲಿ ಪೂರ್ತಿ ಬಳಸುವುದಿಲ್ಲವಾದ್ದರಿಂದ ಅದು ನಡೆಯುತ್ತದೆ. ಆದರೆ ಗ್ರಾಹಕರು ಹೆಚ್ಚಿದಂತೆ ಹೊರಗಿನ ಲಿಂಕನ್ನು ಹೆಚ್ಚಿಸದೆ ಕುಳಿತರೆ ಅದಕ್ಕೆ ಸಮರ್ಥನೆಯಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ಬಿಡಿಯಾಗಿ ಇತ್ಯರ್ಥ ಮಾಡುವುದಿಲ್ಲ. 2012ರ ನಿಯಮಗಳ ಪ್ರಕಾರ ಮೊದಲು ಕಂಪನಿಯ ದೂರು ಕೇಂದ್ರದಲ್ಲಿ ಡಾಕೆಟ್ ಸಂಖ್ಯೆ (ದೂರಿನ ನೋಂದಣಿ ಸಂಖ್ಯೆ) ಪಡೆಯಬೇಕು, ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಇನ್ನು ಜಗಳವನ್ನು ಬೇರೆಡೆ ಮುಂದುವರಿಸಿ.

ದುಬೈನಲ್ಲಿರುವ ಸದಸ್ಯರು: ನಾನು ಇಲ್ಲಿಂದ ಊರಿನ ಗೆಳೆಯರ ಜೊತೆ ಆಡುವಾಗ ಮುಂಬೈ ಸರ್ವರ್ ಒಳ್ಳೆಯದೋ, ಬಹರೇನ್ ಸರ್ವರ್ ಒಳ್ಳೆಯದೋ?

ಉಡುಪಿಯ ಸದಸ್ಯರು: 300ರ ಪ್ಲ್ಯಾನ್ ಇದ್ದರೂ ಕಂಪ್ಯೂಟರಿನಲ್ಲಿ ಯಾವಾಗಲೂ 94 ಮಾತ್ರ ಬರುತ್ತದೆ. ವೈಫೈನಲ್ಲಿ ಮೊಬೈಲಿಗೆ 280 ಬರುತ್ತದೆ.

ಎಂಜಿನಿಯರ್: 94 ಎಂಬ ಸಂಖ್ಯೆಯೇ ಉತ್ತರ. ಲ್ಯಾನ್ ಕೇಬಲಿನ ಎಂಟು ತಂತಿಗಳಲ್ಲಿ ಒಂದಾದರೂ ಕಡಿದಿದ್ದರೆ ಸಂಪರ್ಕ 100ಕ್ಕೆ ಇಳಿಯಬಹುದು. ಕೇಬಲ್ ಬದಲಿಸಿ; ಆಗಲೂ 94 ಇದ್ದರೆ ಪೋರ್ಟೇ 100ರದ್ದು.

ಕಲಬುರಗಿಯ ಸದಸ್ಯರು: ಮಗಳು ಆಟವನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಲು ಆರಂಭಿಸಿದ ಕೂಡಲೇ ಮನೆಯ ಎಲ್ಲರ ಪಿಂಗ್ 300 ದಾಟುತ್ತದೆ. ಡೌನ್‌ಲೋಡ್ 60, ಅಪ್‌ಲೋಡ್ 10 ಇದೆ.

ಎಂಜಿನಿಯರ್: ಪ್ರಸಾರ ಹೋಗುವುದು ಅಪ್‌ಲೋಡಿನ ದಾರಿಯಲ್ಲಿ, ಅದನ್ನು ನೀವು ತುಂಬಿಸಿಬಿಟ್ಟಿದ್ದೀರಿ. ಪ್ರಸಾರವನ್ನು 720ಪಿಗೆ ಇಳಿಸಿ ಬಿಟ್‌ರೇಟನ್ನು 4 ಎಂಬಿಪಿಎಸ್ ಆಸುಪಾಸಿನಲ್ಲಿಡಿ, ಮೊಬೈಲುಗಳ ಫೋಟೊ ಬ್ಯಾಕಪ್ ಆ ಹೊತ್ತಿಗೆ ನಿಲ್ಲಿಸಿ. ರೂಟರಿನಲ್ಲಿ ಕ್ಯೂಒಎಸ್ (ಯಾವ ಬಳಕೆಗೆ ಎಷ್ಟು ವೇಗ ಎಂದು ನಿಗದಿಪಡಿಸುವ ಸೌಲಭ್ಯ) ಇದ್ದರೆ ಅಪ್‌ಲೋಡ್ ಮಿತಿಯನ್ನು 8.5 ಎಂದು ಹಾಕಿ. ಹೊಸ ಪ್ಲ್ಯಾನ್ ಕೊಳ್ಳುವುದಾದರೆ ಅಪ್‌ಲೋಡ್ ಎಷ್ಟೆಂದು ಕೇಳಿ ಕೊಳ್ಳಿ.

ಕೊಪ್ಪದ ಸದಸ್ಯರು: ನಮ್ಮ ಮನೆಗೆ ಫೈಬರ್ ಬರುವುದಿಲ್ಲ, ದೊಡ್ಡಪ್ಪನ ಮನೆಗೆ ಬಂದಿದೆ. ಅಲ್ಲಿಂದ ತೋಟದ ಮೇಲೆ 80 ಮೀಟರ್ ಲ್ಯಾನ್ ಕೇಬಲ್ ಎಳೆದುಕೊಂಡಿದ್ದೇವೆ. ನಡುವೆ ಕರೆಂಟ್ ಕಂಬಕ್ಕೂ ಒಂದು ಕಟ್ಟು ಹಾಕಿದ್ದೇವೆ. ಆಟಕ್ಕೆ ಪಿಂಗ್ ಚೆನ್ನಾಗಿದೆ. ಮೇ ತಿಂಗಳ ಗುಡುಗಿನಲ್ಲಿ ಒಂದು ರೂಟರ್ ಸುಟ್ಟಿತು. ವೇಗಕ್ಕೆ ಇದರಿಂದ ತೊಂದರೆಯಿದೆಯೇ?

ಎಂಜಿನಿಯರ್: ವೇಗದ ಮಾತು ಆಮೇಲೆ. ಆ ಕೇಬಲನ್ನು ಇಂದೇ ಎರಡೂ ಮನೆಗಳಲ್ಲಿ ಬಿಚ್ಚಿ. ಕರೆಂಟ್ ಕಂಬದ ಕಟ್ಟನ್ನು ಮಾತ್ರ ನೀವು ಮುಟ್ಟಬೇಡಿ, ಲೈನ್‌ಮ್ಯಾನ್ ಬಂದು ಲೈನ್ ಆಫ್ ಮಾಡಿ ಬಿಚ್ಚಲಿ. ಗಾಳಿಗೆ ವಿದ್ಯುತ್ ತಂತಿ ಜೋತುಬಿದ್ದು ಆ ಕೇಬಲಿಗೆ ತಗುಲಿದರೆ, ನೀವು ಆಡುವ ಕಂಪ್ಯೂಟರಿನವರೆಗೂ ತಾಮ್ರದ ದಾರಿ ಸಿದ್ಧವಾಗಿದೆ. ಸಿಡಿಲು ನೇರವಾಗಿ ಬಡಿಯಬೇಕೆಂದೇನೂ ಇಲ್ಲ. ಹತ್ತಿರದಲ್ಲಿ ಬಿದ್ದರೂ ಅಷ್ಟುದ್ದದ ತಾಮ್ರದಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಎರಡು ಮನೆಗಳ ಅರ್ಥಿಂಗ್ ಬೇರೆ ಬೇರೆಯಾಗಿರುವುದರಿಂದ ಆ ಕ್ಷಣದಲ್ಲಿ ಅವುಗಳ ನಡುವಿನ ವ್ಯತ್ಯಾಸವೂ ಇದೇ ಕೇಬಲಿನಲ್ಲಿ ಹರಿಯುತ್ತದೆ. ಸುಟ್ಟ ರೂಟರ್ ನಿಮಗೆ ಸಿಕ್ಕ ಎಚ್ಚರಿಕೆ.

ಸರಿಯಾದ ದಾರಿಯೆಂದರೆ ಆ 80 ಮೀಟರನ್ನು ಫೈಬರಿನಲ್ಲಿ ಎಳೆದು, ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಕೂಡಿಸುವ ಪೆಟ್ಟಿಗೆ) ಇಡುವುದು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಪಿಂಗ್‌ಗೂ ಯಾವ ನಷ್ಟವಿಲ್ಲ. ಉಕ್ಕಿನ ತಂತಿಯಿಲ್ಲದ ಕೇಬಲ್ ಕೇಳಿ ತೆಗೆದುಕೊಳ್ಳಿ. ಕಂಬಕ್ಕೆ ಕಟ್ಟಬೇಡಿ, ದೋಟಿಗೆ ಸಿಗುವ ಎತ್ತರದಲ್ಲೂ ಬಿಡಬೇಡಿ.

ಹುಬ್ಬಳ್ಳಿಯ ಸದಸ್ಯರು: ಕೇಬಲಿಗೆ ಮೂರು ಗಂಟು ಹಾಕಿದರೆ ಸಿಡಿಲು ಮುಂದಕ್ಕೆ ಹೋಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ.

ಎಂಜಿನಿಯರ್: ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದು ನಿಮ್ಮ ಗಂಟಿಗೆ ನಿಲ್ಲುವುದಿಲ್ಲ. ನಿರ್ವಾಹಕರೇ, ಈ ಸಂದೇಶವನ್ನು ತೆಗೆದುಹಾಕಿ. ಇದನ್ನು ನಂಬಿ ಒಬ್ಬರು ಸತ್ತರೆ ಯಾರು ಹೊಣೆ?

ಹುಬ್ಬಳ್ಳಿಯ ಸದಸ್ಯರು: ಓದಿದವರಿಗೆ ಅಹಂಕಾರ ಹೆಚ್ಚು.

ನಿರ್ವಾಹಕರು: ಸಂದೇಶವನ್ನು ತೆಗೆಯಲಾಗಿದೆ. ಹುಬ್ಬಳ್ಳಿಯವರು ಈ ಎಳೆಯಲ್ಲಿ ಇನ್ನು ಬರೆಯುವಂತಿಲ್ಲ.

ದುಬೈನಲ್ಲಿರುವ ಸದಸ್ಯರು: ನನ್ನ ಪ್ರಶ್ನೆಯನ್ನು ಯಾರಾದರೂ ನೋಡಿದಿರಾ?

ಹಾಸನದ ಸದಸ್ಯರು: 100 ಎಂಬಿಪಿಎಸ್‌ನಲ್ಲಿ ಬಿಜಿಎಂಐ ಆಡಬಹುದೇ?

ಕೊಪ್ಪದ ಸದಸ್ಯರು: ಮೇಡಂ, ಲೈನ್‌ಮ್ಯಾನ್‌ಗೆ ಹೇಳಿದ್ದೇವೆ, ನಾಳೆ ಬರುತ್ತಾರೆ. ಪೇಟೆಯಲ್ಲಿ ಉಕ್ಕಿನ ತಂತಿಯಿರುವ ಫೈಬರ್ ಕೇಬಲ್ ಮಾತ್ರ ಸಿಗುತ್ತಿದೆ. ಅದನ್ನು ಎಳೆಯಬಹುದೇ?

ತುಮಕೂರಿನ ಕೇಬಲ್ ಆಪರೇಟರ್: ಎಳೆಯಬಹುದು, ಆದರೆ ಉಕ್ಕಿನ ತಂತಿ ಮನೆಯೊಳಗೆ ಬರಬಾರದು. ಹೊರಗೋಡೆಯಿಂದ ಆಚೆಗೆ ಒಂದು ಕ್ಲ್ಯಾಂಪ್ ಹೊಡೆದು, ತಂತಿಯನ್ನು ಕೇಬಲಿನಿಂದ ಸೀಳಿ ಬೇರ್ಪಡಿಸಿ ಅದಕ್ಕೆ ಬಿಗಿದು ಅಲ್ಲಿಗೇ ಕತ್ತರಿಸಿ. ಕೇಬಲಿನ ಭಾರವನ್ನು ಅದು ಹೊರುತ್ತದೆ. ಉಳಿದ ಫೈಬರ್ ಮಾತ್ರ ಒಳಗೆ ಹೋಗಲಿ. ಗೋಡೆಯ ಹತ್ತಿರ ಒಂದು ಸಡಿಲವಾದ ಸುತ್ತು ಬಿಡಿ, ಬಿಗಿಯಾಗಿ ಮಡಚಿದರೆ ಬೆಳಕು ಸೋರುತ್ತದೆ.

ಎಂಜಿನಿಯರ್: ಸರಿಯಾಗಿದೆ. ಒಳಗೆ ಫೈಬರಿನ ಅಕ್ಕಪಕ್ಕದಲ್ಲೂ ಎರಡು ಉಕ್ಕಿನ ಎಳೆಗಳಿರುವ ಕೇಬಲ್ ಬರುತ್ತದೆ. ಕೊಳ್ಳುವಾಗ ತುದಿ ಸೀಳಿಸಿ ನೋಡಿ, ಒಳಗಿನ ಎಳೆಗೆ ಅಯಸ್ಕಾಂತ ಅಂಟಿದರೆ ಆ ಕೇಬಲ್ ಬೇಡ.