ಪದಚರ್ಚೆ: ಬೇನೆ ಹಬ್ಬುವುದೋ, ಎರಗುವುದೋ?

ಎಲ್ಲರಿಗೂ ನಮಸ್ಕಾರ.

ಕುಡಿಯುವ ನೀರಿನಿಂದ ಬರುವ ನೋರೋವೈರಸ್ (ವಾಂತಿ-ಭೇದಿ ತರುವ ಒಂದು ವೈರಸ್) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಔಟ್‌ಬ್ರೇಕ್’, ಅಂದರೆ ಒಂದು ಕಡೆ ಇದ್ದಕ್ಕಿದ್ದಂತೆ ಹಲವರಿಗೆ ಕಾಯಿಲೆ ಬರುವುದು, ಇದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬಲ್ಲಿ ಬಂದು ನಿಂತುಬಿಟ್ಟಿದ್ದೇನೆ. ಪತ್ರಿಕೆಗಳು ‘ಉಲ್ಬಣ’ ಎನ್ನುತ್ತವೆ. ಉಲ್ಬಣ ಅಂದರೆ ಮೊದಲೇ ಇದ್ದದ್ದು ಜಾಸ್ತಿಯಾಗುವುದು, ಅಲ್ವಾ? ‘ಸಾಂಕ್ರಾಮಿಕ’ವನ್ನು ಅಂಟುವ ರೋಗಕ್ಕೂ ಬಳಸುತ್ತೇವೆ, ಊರೆಲ್ಲ ತುಂಬಿದ ರೋಗಕ್ಕೂ ಬಳಸುತ್ತೇವೆ. ‘ಹಾವಳಿ’ ಅಂದ ಕೂಡಲೇ ಕೋತಿ, ಸೊಳ್ಳೆ ನೆನಪಾಗುತ್ತವೆ. ‘ಸ್ಫೋಟ’ ಟಿವಿಯವರಿಗೇ ಇರಲಿ.

ಉಳಿದದ್ದು ‘ಹಬ್ಬು’. ‘ಊರಲ್ಲಿ ಬೇನೆ ಹಬ್ಬಿದೆ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ತೊಡಕಿರುವುದೂ ಇದರಲ್ಲೇ. ಹಬ್ಬುವುದು ಅಂದರೆ ಒಂದು ಕಡೆ ಹುಟ್ಟಿ, ಮೆಲ್ಲಗೆ ಪಕ್ಕಕ್ಕೆ ಸರಿಯುತ್ತಾ ಹೋಗುವುದು. ಬೆಂಕಿ ಹಬ್ಬುತ್ತದೆ, ಬಳ್ಳಿ ಹಬ್ಬುತ್ತದೆ. ನೀರಿನ ಬೇನೆ ಹಾಗೆ ಶುರುವಾಗುವುದಿಲ್ಲ.

ಫಿನ್ಲೆಂಡಿನ ನೋಕಿಯಾ ಪಟ್ಟಣದಲ್ಲಿ ನಡೆದದ್ದನ್ನೇ ನೋಡಿ. (ಹೌದು, ಫೋನ್ ಕಂಪನಿಗೆ ಹೆಸರು ಕೊಟ್ಟ ಊರೇ. ಟಾಂಪೆರೆ ಪಕ್ಕದಲ್ಲಿದೆ.) 2007ರ ನವೆಂಬರ್ 28ರಂದು ಅಲ್ಲಿನ ಚರಂಡಿ ನೀರು ಶುದ್ಧೀಕರಣ ಘಟಕದಲ್ಲಿ ರಿಪೇರಿ ಕೆಲಸ ನಡೆಯುತ್ತಿತ್ತು. ಘಟಕದಿಂದ ಹೊರಬಿಡುವ ಸಂಸ್ಕರಿಸಿದ ಕೊಳಚೆ ನೀರಿನ ಪೈಪಿಗೂ ಕುಡಿಯುವ ನೀರಿನ ಪೈಪಿಗೂ ನಡುವೆ ಒಂದು ವಾಲ್ವ್ ಇತ್ತು. ಅಂಥ ಜೋಡಣೆ ಅಲ್ಲಿ ಇರಲೇಬಾರದಿತ್ತು. ಆ ವಾಲ್ವನ್ನು ತೆರೆದರು, ಅದು ತೆರೆದೇ ಉಳಿಯಿತು. ಲಕ್ಷಗಟ್ಟಲೆ ಲೀಟರ್ ಕೊಳಚೆ ನೀರು ಊರಿನ ನಲ್ಲಿಗಳಿಗೆ ನುಗ್ಗಿತು. ನೀರು ಸರಿಯಿಲ್ಲ ಎಂಬ ದೂರುಗಳು ಬಂದವು. 30ರಂದು ಕುದಿಸಿ ಕುಡಿಯಿರಿ ಎಂದು ಸಾರಿದರು. ಅಷ್ಟರಲ್ಲಿ ಜನ ಎರಡು ದಿನ ಅದೇ ನೀರು ಕುಡಿದಾಗಿತ್ತು.

ರೋಗಿಗಳಲ್ಲಿ ನೋರೋವೈರಸ್ ಒಂದೇ ಅಲ್ಲ, ಕ್ಯಾಂಪಿಲೋಬ್ಯಾಕ್ಟರ್, ಜಿಯಾರ್ಡಿಯಾ, ಸಾಲ್ಮೊನೆಲ್ಲಾ ಎಂಬ ಬೇರೆ ರೋಗಾಣುಗಳೂ ಸಿಕ್ಕವು. ಚರಂಡಿ ನೀರಲ್ಲಿ ಏನಿರುತ್ತದೋ ಅದೆಲ್ಲ. ಆಮೇಲೆ ಮನೆಮನೆಗೆ ಪ್ರಶ್ನಾವಳಿ ಕಳಿಸಿ ಲೆಕ್ಕ ಹಾಕಿದರು. ಕೆಟ್ಟ ನೀರು ಹೋದ ಭಾಗದಲ್ಲಿ ನೂರಕ್ಕೆ 53 ಜನರಿಗೆ ವಾಂತಿ-ಭೇದಿ. ಅದೇ ಊರಿನಲ್ಲಿ ಒಳ್ಳೆ ನೀರೇ ಹೋದ ಭಾಗದಲ್ಲಿ ನೂರಕ್ಕೆ ಸುಮಾರು 16. ಹೋಲಿಸಿ ನೋಡಲೆಂದು ಆರಿಸಿಕೊಂಡ ಬೇರೊಂದು ಊರಿನಲ್ಲಿ 6.5. ಒಟ್ಟು ಎಂಟು ಸಾವಿರಕ್ಕೂ ಹೆಚ್ಚು ಜನ ಈ ನೀರಿನ ದೆಸೆಯಿಂದ ಕಾಯಿಲೆ ಬಿದ್ದರು ಎಂದು ಅಂದಾಜು.

ಆ 53 ಹಬ್ಬಿದ್ದಲ್ಲ. ಒಂದೇ ಸಲಕ್ಕೆ ಎರಗಿದ್ದು. ನಡುವಿನ 16ರಲ್ಲಿ ಕೆಲವರು ಆಚೆ ಬೀದಿಗೆ ಹೋದಾಗ ನೀರು ಕುಡಿದಿರಬಹುದು. ಇನ್ನು ಕೆಲವರಿಗೆ ಮನೆಯವರಿಂದ, ಜೊತೆಯವರಿಂದ ಅಂಟಿರಬಹುದು. ಅದನ್ನು ಹಬ್ಬಿದ್ದು ಅನ್ನೋಣ.

ಇದು ಸುಮ್ನೆ ಪದದ ಚೌಕಾಸಿ ಅಲ್ಲ. ರೋಗದ ಜಾಡು ಹಿಡಿಯುವವರು ಮೊದಲು ನೋಡುವುದೇ ಇದನ್ನು. ಯಾವ ದಿನ ಎಷ್ಟು ಜನ ಕಾಯಿಲೆ ಬಿದ್ದರು ಎಂದು ಗೆರೆ ಎಳೆಯುತ್ತಾರೆ. ನೋರೋವೈರಸ್ ಹೊಟ್ಟೆಗೆ ಹೋದ 12ರಿಂದ 48 ಗಂಟೆಯೊಳಗೆ ವಾಂತಿ ಶುರು. ಹಾಗಾಗಿ ಗೆರೆ ದಿಢೀರನೆ ಏರಿ ಇಳಿದರೆ ಎಲ್ಲರೂ ಒಂದೇ ಕಡೆಯಿಂದ ತೆಗೆದುಕೊಂಡಿದ್ದಾರೆ ಎಂಬ ಗುಮಾನಿ. ಅಲೆ ಅಲೆಯಾಗಿ ಎಳೆದುಕೊಂಡು ಹೋದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ಮುಂದೆ ರೋಗಿಗಳ ಮನೆಗಳನ್ನು ನೀರಿನ ಪೈಪುಗಳ ನಕ್ಷೆಯ ಮೇಲೆ ಗುರುತು ಮಾಡುತ್ತಾರೆ. ದಿನಕ್ಕೆ ಎಷ್ಟು ಲೋಟ ನಲ್ಲಿ ನೀರು ಕುಡಿದಿರಿ ಎಂದು ಕೇಳುತ್ತಾರೆ, ಕಾಯಿಲೆ ಬೀಳದವರನ್ನೂ ಕೇಳುತ್ತಾರೆ. ಲೋಟ ಜಾಸ್ತಿಯಾದಂತೆ ರೋಗಿಗಳೂ ಜಾಸ್ತಿಯಾದರೆ ಗುಮಾನಿ ಗಟ್ಟಿಯಾಗುತ್ತದೆ.

ಪ್ರಯೋಗಾಲಯದ ಕೆಲಸ ಇದಕ್ಕಿಂತ ಕಷ್ಟ. ಪರೀಕ್ಷೆಗೆ ನೀರು ಹಿಡಿಯುವ ಹೊತ್ತಿಗೆ ಕೆಟ್ಟ ನೀರು ಹರಿದುಹೋಗಿರುತ್ತದೆ. ಈ ವೈರಸ್ ಕೆಲವೇ ಕೆಲವು ಕಣ ಹೊಟ್ಟೆಗೆ ಹೋದರೂ ಸಾಕು, ಆದ್ದರಿಂದ ಬಹಳಷ್ಟು ನೀರನ್ನು ಸೋಸಿ ಹುಡುಕಬೇಕು. ನೀರಿಗೆ ಮಲ ಸೇರಿದೆಯೇ ಎಂದು ನೋಡುವ ಮಾಮೂಲಿ ಇ. ಕೊಲಿ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ನೀರು ಪಾಸಾದರೂ ವೈರಸ್ ಇರಬಹುದು. ಸಿಕ್ಕಿತು ಅಂದುಕೊಳ್ಳಿ, ರೋಗಿಯ ಮಲದಲ್ಲಿರುವುದೂ ನೀರಲ್ಲಿರುವುದೂ ಒಂದೇ ತಳಿಯೇ ಎಂದು ತಾಳೆ ನೋಡಬೇಕು.

ಇಲ್ಲೇ ನನ್ನ ಇನ್ನೊಂದು ಪ್ರಶ್ನೆ. 2021ರ ನವೆಂಬರಿನಲ್ಲಿ ನಮ್ಮ ಪಕ್ಕದ ವಯನಾಡಿನ ಪೂಕೋಡ್ ಪಶುವೈದ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಈ ಕಾಯಿಲೆ ಬಂದಿತ್ತು. ಆಗ ಇಲ್ಲಿ ಓದಿದ್ದು ‘ನೋರೋವೈರಸ್ ಪತ್ತೆ’ ಅಂತ. ಪತ್ತೆ ಅಂದರೆ ರೋಗಿಯಲ್ಲಿ ವೈರಸ್ ಸಿಕ್ಕಿತು ಅಂತಲೋ, ಎಲ್ಲಿಂದ ಬಂತೆಂದು ತಿಳಿಯಿತು ಅಂತಲೋ? ಎರಡೂ ಬೇರೆ ಬೇರೆ ಕೆಲಸ. ಮೊದಲನೆಯದಕ್ಕೆ ‘ಪತ್ತೆ’, ಎರಡನೆಯದಕ್ಕೆ ‘ಜಾಡು’ ಎಂದು ಇಟ್ಟುಕೊಂಡಿದ್ದೇನೆ. ‘ಜಾಡ್ಯದ ಜಾಡು’ ಎಂದು ಬರೆದು ಹೊಡೆದುಹಾಕಿದೆ. ಪ್ರಾಸ ಜಾಸ್ತಿಯಾಯಿತು.

‘ಎರಗು’ ಬಗ್ಗೆ ನನಗಿರುವ ಅನುಮಾನ ಒಂದೇ. ಸಿಡಿಲು ಎರಗುತ್ತದೆ, ಆಪತ್ತು ಎರಗುತ್ತದೆ, ಸರಿ. ಪಾದಕ್ಕೂ ಎರಗುತ್ತೇವಲ್ಲ! ‘ಬೇನೆ ಎರಗಿತು’ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಇದರಿಂದ ಒಂದು ನಾಮಪದ ಮಾಡಬಹುದೇ, ಅಥವಾ ಕ್ರಿಯಾಪದವಾಗಿಯೇ ಬಿಡುವುದು ಒಳ್ಳೆಯದೇ? ನನ್ನ ಒಲವು ಬಿಡುವುದರ ಕಡೆಗೇ.

ಹಾಗೆಯೇ, ಆ ಇರಬಾರದ ಪೈಪ್ ಜೋಡಣೆಗೆ ಲೇಖನದಲ್ಲಿ ‘ಅಡ್ಡಜೋಡಣೆ’ ಎಂದಿದ್ದೇನೆ. ನಿಮ್ಮ ಊರಿನ ವಾಲ್ವ್‌ಮ್ಯಾನ್‌ಗಳು, ಪ್ಲಂಬರ್‌ಗಳು ಅದಕ್ಕೆ ಬೇರೆ ಏನಾದರೂ ಹೇಳುತ್ತಾರಾ? ‘ಯುಜಿಡಿ (ಒಳಚರಂಡಿ) ನೀರು ಮಿಕ್ಸ್ ಆಗಿದೆ’ ಅನ್ನುವುದನ್ನು ನಾನೂ ಕೇಳಿದ್ದೇನೆ. ಅದು ಆಗಿರುವ ಅನಾಹುತದ ಹೆಸರು, ಜೋಡಣೆಯದ್ದಲ್ಲ. ಉತ್ತರ ಕರ್ನಾಟಕ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ.